ಸೋತವನ ಕೈಗೆ ಬಾಂಬ್ ಕೊಡಬೇಡಿ

ನಿನ್ನೆ ರಾತ್ರಿ ಒಂದು ಬ್ಯಾಟಲ್‌ಟೆಕ್ ಪಂದ್ಯ ನೋಡಿದೆ. ಮೆಕ್ ಎಂಬ ದೈತ್ಯ ಯುದ್ಧಯಂತ್ರಗಳು ಕಾದಾಡುವ ದಾಳದ ಆಟ ಇದು. ಅದರ ಕಂಪ್ಯೂಟರ್ ರೂಪವಾದ ಮೆಗಾಮೆಕ್‌ನಲ್ಲಿ ಎಂಜಿನ್ ಸ್ಫೋಟದ ಐಚ್ಛಿಕ ನಿಯಮ ಆನ್ ಮಾಡಿಕೊಂಡು ಆಡ್ತಿದ್ದರು: ಎಂಜಿನ್ ಒಡೆದ ಮೆಕ್ ಸಿಡಿದು ಸುತ್ತಲಿನವರಿಗೂ ಪೆಟ್ಟು ಕೊಡಬಹುದು. ಹ್ಯಾಚೆಟ್‌ಮ್ಯಾನ್ ಎಂಬ ಕೊಡಲಿ ಮೆಕ್ ಹಿಡಿದಿದ್ದವರು ಕಟ್ಟಡಗಳ ಮರೆಯಲ್ಲೇ ಜಿಗಿಯುತ್ತಾ ಎದುರಾಳಿಯ ಮಗ್ಗುಲಿಗೆ ಬಂದು, ಕೊಡಲಿ ಬೀಸಿ ಎಂಜಿನ್ ಒಡೆದರು. ಒಡೆದ ಎಂಜಿನ್ ಸಿಡಿದು ಅವರ ಮೆಕ್ಕೂ ಹೋಯಿತು. ಅಷ್ಟು ಚೆನ್ನಾಗಿ ಆಡಿದ್ದಕ್ಕೆ ಶಿಕ್ಷೆ! ಆ ಕೋಪ ಇನ್ನೂ ಇಳಿದಿಲ್ಲ.

ಮೂಲ ನಿಯಮ ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ಎಂಜಿನ್‌ಗೆ ಒಂದು ಕ್ರಿಟಿಕಲ್ (ಒಳಭಾಗಕ್ಕೆ ಬೀಳುವ ಏಟು) ಬಿದ್ದರೆ ಪ್ರತಿ ಸರದಿಗೂ 5 ಹೀಟ್ (ಮೆಕ್‌ನ ಬಿಸಿಯ ಲೆಕ್ಕ) ಜಾಸ್ತಿ, ಎರಡು ಬಿದ್ದರೆ 10. ಹೀಟ್ 14 ಮುಟ್ಟಿದರೆ ಶಟ್‌ಡೌನ್ ತಪ್ಪಿಸೋಕೆ ದಾಳ ಹಾಕಬೇಕು, 19ಕ್ಕೆ ಅಮ್ಯುನಿಷನ್ ಸಿಡಿಯುವ ಭಯ, 30ಕ್ಕೆ ಮೆಕ್ ತಾನಾಗಿ ಆಫ್. ಮೂರನೇ ಕ್ರಿಟಿಕಲ್‌ಗೆ ಎಂಜಿನ್ ಸತ್ತಿತು. ಅಷ್ಟೇ. ಪಕ್ಕದಲ್ಲಿದ್ದವರಿಗೆ ಏನೂ ಆಗೋದಿಲ್ಲ.

"ರಿಯಾಕ್ಟರ್ ಅಂದಮೇಲೆ ಸಿಡಿಯಬೇಡವೇ, ಅದೇ ರಿಯಲಿಸಂ" ಅಂತಾರೆ ಸ್ಫೋಟದ ನಿಯಮ ಇಷ್ಟಪಡುವವರು. ಖಂಡಿತ ಅಲ್ಲ. ಈ ಮೆಕ್‌ಗಳ ಎದೆಯಲ್ಲಿರೋದು ಫ್ಯೂಷನ್ ಎಂಜಿನ್, ಅಂದರೆ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವಂಥದ್ದು. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಫ್ಯೂಷನ್ ರಿಯಾಕ್ಟರ್‌ನಲ್ಲಿ ಪ್ಲಾಸ್ಮಾ (ವಿಪರೀತ ಕಾದ ಅನಿಲ) 15 ಕೋಟಿ ಡಿಗ್ರಿ ಮುಟ್ಟಬೇಕು, ಆದರೆ ಯಾವುದೇ ಕ್ಷಣದಲ್ಲಿ ಒಳಗಿರುವ ಇಂಧನ ಕೆಲವೇ ಗ್ರಾಂ. ಗೋಡೆ ತೂತಾದರೆ ಗಾಳಿ ಒಳಗೆ ನುಗ್ಗಿ ಪ್ಲಾಸ್ಮಾ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಣ್ಣಗಾಗುತ್ತದೆ. ಒಳಗೋಡೆ ಕರಗಬಹುದು, ಎಂಜಿನ್ ಗುಜರಿ ಆಗಬಹುದು. ಅಣುಬಾಂಬಿನಂಥ ಸರಣಿ ಕ್ರಿಯೆ ಅಲ್ಲಿ ಇಲ್ಲವೇ ಇಲ್ಲ.

ಹೆದರಬೇಕಾದದ್ದು ಆ ಪ್ಲಾಸ್ಮಾವನ್ನು ಹಿಡಿದಿಡುವ ಮ್ಯಾಗ್ನೆಟ್‌ಗಳಿಗೆ. ಐಟರ್‌ನ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ಗಳು ಕೂಡಿಟ್ಟುಕೊಳ್ಳುವ ಶಕ್ತಿ 51 ಗಿಗಾಜೂಲ್, ಸುಮಾರು 12 ಟನ್ ಟಿಎನ್‌ಟಿಗೆ ಸಮ. ಆದರೆ ಅದೂ ಬಾಂಬಿನ ಹಾಗೆ ಒಂದೇ ಏಟಿಗೆ ಹೊರಬರೋದಿಲ್ಲ. 2008ರ ಸೆಪ್ಟೆಂಬರ್ 19ರಂದು ಸರ್ನ್ ಸಂಶೋಧನಾ ಕೇಂದ್ರದ ಎಲ್‌ಎಚ್‌ಸಿಯಲ್ಲಿ (ನೆಲದಡಿಯ ಸುರಂಗದಲ್ಲಿರುವ ಕಣಗಳ ವೇಗವರ್ಧಕ) ಎರಡು ಮ್ಯಾಗ್ನೆಟ್‌ಗಳ ನಡುವಿನ ವಿದ್ಯುತ್ ಜೋಡಣೆ ಕೈಕೊಟ್ಟಿತು. ಆರ್ಕ್ ಹೊತ್ತಿತು, ಹೀಲಿಯಂ ಆವರಣ ತೂತಾಯಿತು, ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು, ಅದರ ಒತ್ತಡಕ್ಕೆ ಭಾರೀ ಮ್ಯಾಗ್ನೆಟ್‌ಗಳು ಪೀಠದಿಂದ ಕಿತ್ತುಬಂದವು. 53 ಮ್ಯಾಗ್ನೆಟ್‌ಗಳನ್ನು ಮೇಲಕ್ಕೆ ತರಬೇಕಾಯಿತು. ಮೆಕ್ ಸಾಯೋದೂ ಹಾಗೇ ಇರಬೇಕು: ಒಳಗೆಲ್ಲ ಧ್ವಂಸ, ಹೊರಗೆ ಬಿಸಿ ಗಾಳಿ.

ರಿಯಲಿಸಂ ಹಾಳಾಗಿ ಹೋಗಲಿ, ಬ್ಯಾಲೆನ್ಸ್ ಆದರೂ ಉಳಿಯುತ್ತಾ? ಇಲ್ಲ. ಸ್ಫೋಟದಿಂದ ಪೆಟ್ಟು ತಿನ್ನೋದು ಹತ್ತಿರ ಹೋಗಿ ಆಡುವವರು: ಕೊಡಲಿ ಮೆಕ್‌ಗಳು, ಬೆನ್ನಿಗೆ ಹೊಡೆಯುವ ಲೈಟ್ (ಹಗುರ) ಮೆಕ್‌ಗಳು. ದೂರದ ಗುಡ್ಡದ ಮೇಲೆ ನಿಂತು ಪಿಪಿಸಿ ಎಂಬ ದೂರಗಾಮಿ ಫಿರಂಗಿ ಹೊಡೆಯುವವನಿಗೆ ಏನೂ ತಟ್ಟೋದಿಲ್ಲ, ಅವನು ಮೊದಲೇ ಸುಖವಾಗಿದ್ದಾನೆ. ಇನ್ನು 20 ಟನ್‌ನ ಲೋಕಸ್ಟ್ ಮೆಕ್ಕನ್ನು 100 ಟನ್‌ನ ಅಟ್ಲಾಸ್ ಮೆಕ್ ಪಕ್ಕಕ್ಕೆ ಓಡಿಸಿ ಸಾಯಿಸಿಕೊಳ್ಳೋದೇ ಒಂದು ತಂತ್ರ ಆಗಿಬಿಡುತ್ತೆ.

ಟೈಟನ್‌ಫಾಲ್ ಎಂಬ ವಿಡಿಯೋ ಗೇಮ್‌ನ ನ್ಯೂಕ್ಲಿಯರ್ ಇಜೆಕ್ಷನ್ (ಆಟಗಾರ ಹೊರಗೆ ಜಿಗಿದ ಮೇಲೆ ಅವನ ಯಂತ್ರ ಸಿಡಿಯೋದು) ಉದಾಹರಣೆ ಕೊಡ್ತಾರೆ. ಅಲ್ಲಿ ಅದಕ್ಕೆ ಒಂದು ಕಿಟ್ ಸ್ಲಾಟ್ (ಬೇರೆ ಸೌಲಭ್ಯಕ್ಕೆ ಸಿಗಬಹುದಾದ ಜಾಗ) ತೆರಬೇಕು, ಇಜೆಕ್ಟ್ ಮಾಡಬೇಕಾದದ್ದು ಆಟಗಾರನೇ, ಎದುರಿಗಿದ್ದವನಿಗೆ ಓಡಲು ಸಮಯವೂ ಉಂಟು. ದಾಳ ಬಿದ್ದ ಹಾಗೆ ಸಿಡಿಯುವ ಎಂಜಿನ್‌ಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಸ್ಫೋಟ ಬೇಕೇ ಬೇಕು ಅನ್ನುವವರಿಗೆ ಅಮ್ಯುನಿಷನ್ ಇದೆಯಲ್ಲ. ಒಂದು ಟನ್ ಮಷೀನ್‌ಗನ್ ಬಿನ್ (ಗುಂಡಿನ ಪೆಟ್ಟಿಗೆ) ಅಂದರೆ 200 ಸುತ್ತು, ತಲಾ 2 ಪಾಯಿಂಟ್, ಒಟ್ಟು 400 ಡ್ಯಾಮೇಜ್. ಅಟ್ಲಾಸ್‌ನ ಎಎಸ್7-ಡಿ ಮಾದರಿಯ ಇಡೀ ರಕ್ಷಾಕವಚವೇ 304! ಎಸಿ/20 ಎಂಬ ದೊಡ್ಡ ಫಿರಂಗಿಯ ಬಿನ್ ಸಿಡಿದರೆ 100. ಆದರೆ ಇದು ಆಟಗಾರನ ಹಿಡಿತದಲ್ಲಿದೆ. ಬಿನ್ ಎಲ್ಲಿಡಬೇಕು, ಅರ್ಧ ಟನ್ ಕೊಟ್ಟು ಕೇಸ್ (ಸ್ಫೋಟವನ್ನು ಹೊರಕ್ಕೆ ತಿರುಗಿಸುವ ರಕ್ಷಣೆ) ಹಾಕಿಸಬೇಕಾ, ಮಷೀನ್‌ಗನ್ ಗುಂಡನ್ನು ಮೊದಲ ಸರದಿಯಲ್ಲೇ ಹೊರಗೆ ಸುರಿಯಬೇಕಾ? ಸುರಿಯುವಾಗ ಬೆನ್ನಿಗೆ ಏಟು ಬಿದ್ದರೆ ಅಲ್ಲೇ ಸಿಡಿಯುತ್ತೆ ಅನ್ನೋದನ್ನೂ ಲೆಕ್ಕ ಹಾಕಬೇಕು. ಮುಖ್ಯವಾಗಿ, ಆ ಡ್ಯಾಮೇಜ್ ಹೊತ್ತವನಿಗೇ ಹೋಗುತ್ತದೆ, ಹೊಡೆದವನಿಗಲ್ಲ.

ಮೆಗಾಮೆಕ್‌ನಲ್ಲಿ ಎಂಜಿನ್ ಸ್ಫೋಟದ ಟಿಕ್ ತೆಗೆದುಬಿಡಿ. ಟೇಬಲ್ ಮೇಲೆ ಆಡುವವರು ಬೇಕಿದ್ದರೆ ಹೀಗೆ ಮಾಡಿ: ಮೂರನೇ ಕ್ರಿಟಿಕಲ್ ಬಿದ್ದ ಸರದಿಯಲ್ಲಿ ಅಕ್ಕಪಕ್ಕದ ಆರು ಹೆಕ್ಸ್‌ಗಳಲ್ಲಿರುವ (ನಕ್ಷೆಯ ಷಟ್ಕೋನ ಮನೆಗಳು) ಎಲ್ಲರಿಗೂ 5 ಹೀಟ್, ಡ್ಯಾಮೇಜ್ ಸೊನ್ನೆ. ಮೊದಲೇ ಹೀಟ್ 12ರಲ್ಲಿ ಓಡಾಡ್ತಿದ್ದವನಿಗೆ ಅದೇ ಸಾಕು, ಶಟ್‌ಡೌನ್ ದಾಳ ಹಾಕಬೇಕಾಗಿ ಬರಬಹುದು.