ಕೋವಿಗೆ ವಿನಾಯಿತಿ, ಕಾದಂಬರಿಗೆ ಜಾಮೀನು

ಈ ಸಲದ ಮಳೆಗಾಲದಲ್ಲಿ ಟಾಲ್‌ಸ್ಟಾಯ್ ಮುಗಿಸಿಯೇ ಬಿಡುವುದು ಅಂತ ಜೂನ್ ಮೊದಲ ವಾರ ತೀರ್ಮಾನ ಮಾಡಿದೆ. ಕೊಡಗಿನಲ್ಲಿ ಮಳೆ ಹಿಡಿದರೆ ಇಂಥ ತೀರ್ಮಾನಗಳು ತಾವಾಗಿಯೇ ಬರುತ್ತವೆ. ಕರೆಂಟ್ ಇರುವುದಿಲ್ಲ. ತೋಟಕ್ಕೆ ಇಳಿದರೆ ಜಿಗಣೆ. ಮನೆಯೊಳಗೆ ಕೂತು ಮಾಡುವ ಕೆಲಸ ಎರಡೇ. ಒಂದು, ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಡೈರಿಯಲ್ಲಿ ಬರೆದು, "ನಿಮ್ಮಲ್ಲಿ ಎಷ್ಟು ಇಂಚು?" ಅಂತ ನೆಂಟರಿಗೆಲ್ಲ ಫೋನ್ ಮಾಡುವುದು. ನೆಟ್‌ವರ್ಕ್ ಹೋದ ಮೇಲೆ ಅದೂ ಇಲ್ಲ. ಉಳಿದದ್ದು ಓದು.

'ಯುದ್ಧ ಮತ್ತು ಶಾಂತಿ'ಯ ಮೊದಲ ಸಂಪುಟ ನಮ್ಮ ಅಡುಗೆಮನೆಯ ಅಟ್ಟದಲ್ಲಿತ್ತು. ಒಲೆಯ ಮೇಲಿನ ಅಟ್ಟ. ನಮ್ಮ ಕಡೆ ಪುಸ್ತಕಕ್ಕೆ ಬೂಷ್ಟು ಹಿಡಿಯದ ಜಾಗ ಅದೊಂದೇ. ದೊಡ್ಡಪ್ಪ ಅಲ್ಲಿಟ್ಟು ತೀರಿಹೋಗಿದ್ದರು. ಒಂದು ಪುಟವೂ ಹಾಳಾಗಿರಲಿಲ್ಲ, ಆದರೆ ಪಕ್ಕದಲ್ಲೇ ವರ್ಷಾನುಗಟ್ಟಲೆ ಹಂದಿಮಾಂಸ ತೂಗುಹಾಕಿ ಒಣಗಿಸಿದ್ದರು. ಹಾಗಾಗಿ ರಷ್ಯದ ರಾಜಕುಮಾರಿಯರು ಕುಣಿಯಲು ಬಂದಾಗಲೆಲ್ಲ ಹೊಗೆ, ಉಪ್ಪು, ಕಾಳುಮೆಣಸಿನ ಪರಿಮಳ. ಓದಿಗೆ ಏನೂ ತೊಂದರೆ ಆಗಲಿಲ್ಲ. ಹಸಿವು ಮಾತ್ರ ಜಾಸ್ತಿ ಆಯಿತು.

ಈ ಕಾದಂಬರಿ ಓದಲು ಹೆದರುವವರು ಹೇಳುವ ಮಾತು ಒಂದೇ. ಪಾತ್ರಗಳು ಐನೂರಕ್ಕೂ ಜಾಸ್ತಿ, ಒಬ್ಬೊಬ್ಬರಿಗೂ ಮೂರು ಹೆಸರು, ನೆನಪಿಡುವುದು ಹೇಗೆ? ಬೇರೆ ಊರಿನವರಿಗೆ ಕಷ್ಟ ಇರಬಹುದು. ಕೊಡಗಿನವರಿಗೆ ಯಾಕೆ? 2024ರಲ್ಲಿ ನಾಪೋಕ್ಲಿನ ಕುಟುಂಬ ಹಾಕಿಗೆ 360 ತಂಡ ಬಂದಿದ್ದವು. 360 ಮನೆಹೆಸರು. ಯಾವ ತಂಡದ ಗೋಲಿ ಯಾರ ಅಳಿಯ, ಅವನ ಅಮ್ಮನ ತವರು ಯಾವುದು, ಆ ತವರಿನವರ ಜೊತೆ ಯಾವ ಗದ್ದೆಯ ವ್ಯಾಜ್ಯ, ಎಲ್ಲವನ್ನೂ ನನ್ನ ಪಕ್ಕ ಕೂತಿದ್ದ ಅಜ್ಜಿ ಒಂದು ಚೀಟಿ ನೋಡದೆ ಹೇಳಿದ್ದರು. ಅವರ ಕೈಗೆ ಟಾಲ್‌ಸ್ಟಾಯ್ ಕೊಟ್ಟರೆ ಎರಡು ಪಾತ್ರಗಳ ಸಂಬಂಧ ತಪ್ಪಾಗಿದೆ ಅಂತ ತಿದ್ದಿ ವಾಪಸ್ ಕೊಟ್ಟಾರು.

ಓದುತ್ತಾ ಹೋದಂತೆ ಇನ್ನೊಂದು ಚಟ ಹತ್ತಿಕೊಂಡಿತು. ಅಲ್ಲಿಯ ಇಸವಿಗೆ ಇಲ್ಲಿ ಏನು ನಡೆಯುತ್ತಿತ್ತು ಅಂತ ಲೆಕ್ಕ ಹಾಕುವುದು. ಕಾದಂಬರಿ ಶುರುವಾಗುವ 1805ರಲ್ಲಿ ನಮ್ಮಲ್ಲಿ ದೊಡ್ಡ ವೀರರಾಜೇಂದ್ರನ ಆಳ್ವಿಕೆ. 1812ರಲ್ಲಿ ನೆಪೋಲಿಯನ್ ಮಾಸ್ಕೋಗೆ ಹೋಗಿ, ಊರು ಉರಿಯುವುದನ್ನು ನೋಡಿ, ಚಳಿಯಲ್ಲಿ ವಾಪಸ್ ಓಡಿದ. ಅದೇ ಹೊತ್ತಿಗೆ ಲಿಂಗರಾಜೇಂದ್ರ ಮಡಿಕೇರಿ ಕೋಟೆಯೊಳಗೆ ಅರಮನೆ ಕಟ್ಟಿಸುತ್ತಿದ್ದ. ನೆಪೋಲಿಯನ್‌ಗೆ ಮಡಿಕೇರಿಯ ಜುಲೈ ತಿಂಗಳು ಗೊತ್ತಿದ್ದರೆ ರಷ್ಯದ ಚಳಿಯನ್ನು ಅಷ್ಟು ದೊಡ್ಡದು ಮಾಡುತ್ತಿರಲಿಲ್ಲ ಅನ್ನುವುದು ನನ್ನ ಸ್ವಂತ ಸಂಶೋಧನೆ.

ಹೀಗೆ ಸುಖವಾಗಿರುವಾಗ ಸಂಪುಟ ಮುಗಿದುಹೋಯಿತು. ಅದೂ ಎಲ್ಲಿ? ಆಸ್ಟರ್ಲಿಟ್ಸ್ ಯುದ್ಧದಲ್ಲಿ ಕಥಾನಾಯಕರಲ್ಲೊಬ್ಬನಾದ ಆಂಡ್ರೇ ಗಾಯಗೊಂಡು ಬಿದ್ದಿದ್ದಾನೆ, ಬದುಕುವ ಭರವಸೆ ಇಲ್ಲದವರ ಜೊತೆ ಅವನನ್ನೂ ಬಿಟ್ಟು ಸೈನ್ಯ ಮುಂದೆ ಹೋಗಿದೆ. ಮುಂದಿನ ಪುಟ ರಟ್ಟು. ಆಂಡ್ರೇಯನ್ನು ಅಲ್ಲಿ ಮಲಗಿಸಿ ಇಲ್ಲಿ ನಾನು ನಿದ್ದೆ ಮಾಡುವುದಾದರೂ ಹೇಗೆ? ಕೊಡೆ ಹಿಡಿದು ಗ್ರಂಥಾಲಯಕ್ಕೆ ಹೊರಟೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಹೆಸರು ಚೆನ್ನಾಗಿದೆ. ಒಳಗೆ ಹೋದ ಕೂಡಲೇ ಮೊದಲ ಅರಿವು ಆಯಿತು. ಒಳ್ಳೆಯ ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿವೆ, ಬೀರುವಿಗೆ ಬೀಗ ಇದೆ. ಎರಡನೇ ಸಂಪುಟ ಮೇಲಿನ ಸಾಲಿನಲ್ಲೇ ಇತ್ತು. ಬೆನ್ನಿನ ಕೆಳತುದಿಯನ್ನು ಗೆದ್ದಲು ಅರ್ಧಚಂದ್ರದ ಆಕಾರಕ್ಕೆ ಕಚ್ಚಿತ್ತು. ನನಗಿಂತ ಮೊದಲು ಅದನ್ನು ಓದಲು ಶುರುಮಾಡಿದ್ದು ಗೆದ್ದಲು ಮಾತ್ರ, ಅದಕ್ಕೆ ಸದಸ್ಯತ್ವ ಬೇಕಾಗಿರಲಿಲ್ಲ.

ನನಗೆ ಬೇಕಾಗಿತ್ತು. ಅರ್ಜಿ, ಎರಡು ಫೋಟೋ, ಆಧಾರ್ ಪ್ರತಿ, ಠೇವಣಿ. ಕೊನೆಯಲ್ಲಿ, ಆಸ್ತಿ ತೆರಿಗೆ ಕಟ್ಟುವ ಒಬ್ಬರ ಜಾಮೀನು.

"ಆಸ್ತಿ ತೆರಿಗೆ ನಾನೇ ಕಟ್ಟುತ್ತೇನಲ್ಲ. 1965ರ ಗ್ರಂಥಾಲಯ ಕಾಯ್ದೆ ಇದೆ, ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಸೆಸ್ ಇದೆ. ಈ ಬೀರುವಿನ ಒಂದು ತಿರುಪಾದರೂ ನನ್ನ ದುಡ್ಡಿನದು" ಅಂದೆ.

"ಇರಬಹುದು ಸಾರ್. ಆದರೆ ನಿಮಗೆ ನೀವೇ ಜಾಮೀನು ನಿಲ್ಲೋಕಾಗಲ್ಲ."

ಮೇಲ್ವಿಚಾರಕರನ್ನು ಬೈಯುವ ಹಾಗಿಲ್ಲ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಅವರು. ಸಂಬಳ ಎಷ್ಟು ಅಂತ ಕೇಳಿದ ಮೇಲೆ ನಾನು ದನಿ ತಗ್ಗಿಸಿದೆ.

ಜಾಮೀನಿಗೆ ಪಕ್ಕದ ತೋಟದ ಗೆಳೆಯನನ್ನು ಕರೆದುಕೊಂಡು ಹೋದೆ. ಅವನ ಮನೆಯಲ್ಲಿ ಎರಡು ಕೋವಿ ಇವೆ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ. 2019ರಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ಮುಂದುವರಿಸಿದೆ. ನನ್ನ ತಕರಾರೇನೂ ಇಲ್ಲ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕೋವಿಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ನಿಲ್ಲಿಸಿದ್ದನ್ನು ನೋಡಿದರೆ ಯಾರಿಗಾದರೂ ಅದರ ಮೇಲೆ ಪ್ರೀತಿ ಬರುತ್ತದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು. ಬದುಕಿನ ಎರಡೂ ತುದಿಗೆ ಕೋವಿ ಇದೆ. ನಾನು ಕೇಳುತ್ತಿರುವುದು ನಡುವಿನ ಅವಧಿಗೆ ಒಂದು ಕಾದಂಬರಿ, ಅಷ್ಟೇ.

ಗೆಳೆಯ ಅರ್ಜಿಯನ್ನು ಎರಡು ಸಲ ಓದಿದ. "ಕೋವಿ ಇಟ್ಟುಕೊಳ್ಳೋಕೆ ಯಾರೂ ನನ್ನ ಜಾಮೀನು ಕೇಳಿಲ್ಲ ಮಾರಾಯ. ಇದರಲ್ಲಿ ಅಂಥದ್ದು ಏನಿದೆ?"

"ಯುದ್ಧ ಇದೆ."

"ಮತ್ತೆ?"

"ಶಾಂತಿ."

"ಹಾಗಾದರೆ ಡೇಂಜರೇ" ಅಂತ ಸಹಿ ಹಾಕಿದ. ಗುರುತಿನ ಚೀಟಿ ಮರೆತುಬಂದಿದ್ದ. ಜೇಬಿನಲ್ಲಿದ್ದದ್ದು ಕೋವಿ ವಿನಾಯಿತಿ ಪತ್ರದ ನಕಲು. ಅದನ್ನೇ ಪಿನ್ ಮಾಡಿದರು. ಹೀಗೆ ಟಾಲ್‌ಸ್ಟಾಯ್ ಪರವಾಗಿ ಶಸ್ತ್ರಾಸ್ತ್ರ ಕಾಯ್ದೆ ಜಾಮೀನು ನಿಂತಿತು.

ಅರ್ಜಿ ಪಾಸಾಯಿತು. ಆದರೆ ಬೀರುವಿನ ಕೀ ಮೇಲಿನ ಆಫೀಸಿನಲ್ಲಿತ್ತು. ಆಗಸ್ಟ್‌ನಲ್ಲಿ ಕೀ ಬಂತು, ಮೇಲ್ವಿಚಾರಕರು ಇರಲಿಲ್ಲ, ಅವರನ್ನು ನೆರೆ ಡ್ಯೂಟಿಗೆ ಹಾಕಿದ್ದರು. ಸೆಪ್ಟೆಂಬರ್‌ನಲ್ಲಿ ಇಬ್ಬರೂ ಇದ್ದರು, ಬೀಗ ತುಕ್ಕು ಹಿಡಿದು ಕೂತಿತ್ತು. ಒಡೆಯೋಣ ಅಂದೆ. ಬೀಗ ಸ್ಟಾಕ್ ರಿಜಿಸ್ಟರ್‌ನಲ್ಲಿದೆ, ಒಡೆಯಲು ಅನುಮತಿ ಬೇಕಂತೆ. ನಾನು ವಾರಕ್ಕೊಮ್ಮೆ ಹೋಗಿ ಗಾಜಿನ ಹೊರಗೆ ನಿಂತು ಅರ್ಧಚಂದ್ರ ನೋಡಿ ಬರುತ್ತಿದ್ದೆ, ಆಸ್ಪತ್ರೆಯಲ್ಲಿ ಐಸಿಯು ಕಿಟಕಿಯಿಂದ ನೋಡುವ ಹಾಗೆ.

ಈ ಮಧ್ಯೆ ಪುಸ್ತಕಗಳು ಇನ್ನೊಂದು ದಾರಿಯಲ್ಲಿ ಊರೆಲ್ಲ ಸುತ್ತುತ್ತಿದ್ದವು. ಸಭೆ ಸಮಾರಂಭಗಳ ದಾರಿ. 2021ರ ಆಗಸ್ಟ್‌ನಲ್ಲಿ ಬೊಮ್ಮಾಯಿ ಸರ್ಕಾರ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಮಾಡಿತು. 2023ರಲ್ಲಿ ಸಿದ್ದರಾಮಯ್ಯನವರೂ ಹೂವು ಶಾಲು ಬೇಡ, ಪುಸ್ತಕ ಕೊಡಿ ಅಂದರು. ಎರಡು ಪಕ್ಷಗಳು ಒಪ್ಪಿದ ಅಪರೂಪದ ವಿಷಯ. ನಾವೂ ಒಪ್ಪಿದೆವು. ಹಾರದ ಬದಲು ಪುಸ್ತಕ ಅಂದರೆ ಹಾರದ ಜೊತೆಗೆ ಪುಸ್ತಕ ಅಂತ ಅರ್ಥ ಮಾಡಿಕೊಂಡೆವು. ಈಗ ವೇದಿಕೆಯಲ್ಲಿ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಪುಟ್ಟ ಪೀಚೆಕತ್ತಿಯ ಸ್ಮರಣಿಕೆ, ಕೊನೆಗೆ ಕೈ ಖಾಲಿ ಇದ್ದರೆ ಪುಸ್ತಕ.

ಮಡಿಕೇರಿಯ ಅಂಗಡಿಯೊಂದರಲ್ಲಿ ಪುಸ್ತಕ ಕೇಳಿದರೆ ಅಂಗಡಿಯವರು ಮೊದಲು ಕೇಳುವುದು, "ಓದಲಿಕ್ಕಾ, ಕೊಡಲಿಕ್ಕಾ?" ಅಂತ. ಕೊಡಲಿಕ್ಕೆ ಅಂದರೆ ಗಟ್ಟಿ ರಟ್ಟು, ದಪ್ಪ ಬೆನ್ನು, ಫೋಟೋದಲ್ಲಿ ಎದ್ದು ಕಾಣುವ ಬಣ್ಣ. ಕವನ ಸಂಕಲನ ತೆಳ್ಳಗಿರುತ್ತದೆ, ಕೊಟ್ಟವರಿಗೆ ಮರ್ಯಾದೆ ಇರುವುದಿಲ್ಲ. ಓದಲಿಕ್ಕೆ ಅಂದರೆ, "ಸ್ವಲ್ಪ ಕಾಯಿರಿ, ಒಳಗೆ ಹುಡುಕಬೇಕು."

ನವೆಂಬರ್ ಬಂತು. ಗ್ರಂಥಾಲಯ ಸಪ್ತಾಹಕ್ಕೆ ನನಗೂ ಆಹ್ವಾನ, 'ಓದುಗರ ಪ್ರತಿನಿಧಿ' ಅಂತ. ಆ ವರ್ಷ ಹೊಸದಾಗಿ ಸದಸ್ಯನಾದವನು ನಾನೊಬ್ಬನೇ ಅಂತ ಆಮೇಲೆ ಗೊತ್ತಾಯಿತು. ಮಕ್ಕಳು ಪಂಜೆ ಮಂಗೇಶರಾಯರ ಹುತ್ತರಿ ಹಾಡು ಹಾಡಿದರು, ಅದೊಂದು ಚೆನ್ನಾಗಿತ್ತು. ವೇದಿಕೆಗೆ ಕೊಡಗಿನ ಗೌರಮ್ಮನ ಹೆಸರು. ಭಾಷಣಕಾರರು ಅವರ 'ಮಹಾನ್ ಕಾದಂಬರಿಗಳು' ಪ್ರತಿ ಮನೆಯಲ್ಲೂ ಇರಬೇಕು ಅಂದರು. ಗೌರಮ್ಮ 1939ರಲ್ಲಿ, 27ನೇ ವಯಸ್ಸಿಗೆ ನೀರಿನಲ್ಲಿ ಮುಳುಗಿ ತೀರಿಕೊಂಡವರು. ಬರೆದದ್ದು ಸಣ್ಣಕಥೆ, ಅದೂ ಒಂದೆರಡು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು. ಚಪ್ಪಾಳೆ ಜೋರಾಗಿ ಬಿತ್ತು. ಎದ್ದು ಹೇಳೋಣ ಅನ್ನಿಸಿತು. ಊಟ ಇನ್ನೂ ಆಗಿರಲಿಲ್ಲ, ಸುಮ್ನೆ ಕೂತೆ.

ಆಮೇಲೆ ಮುಖ್ಯ ಅತಿಥಿಗಳಿಗೆ ಪುಸ್ತಕ ಗೌರವ. ಪಾರದರ್ಶಕ ಪ್ಲಾಸ್ಟಿಕ್, ಕೆಂಪು ರಿಬ್ಬನ್. ಅವರು ತಲೆಕೆಳಗಾಗಿ ಹಿಡಿದು ಕ್ಯಾಮೆರಾ ಕಡೆ ನಕ್ಕರು. ತಲೆಕೆಳಗಾಗಿದ್ದರಿಂದಲೇ ನನಗೆ ಕಂಡಿತು, ಬೆನ್ನಿನ ತುದಿಯ ಅರ್ಧಚಂದ್ರ.

ಮೇಲ್ವಿಚಾರಕರನ್ನು ಕೈತೊಳೆಯುವ ಜಾಗದಲ್ಲಿ ಹಿಡಿದೆ. "ಇದು ಬೀರುವಿನದ್ದಲ್ವಾ?"

"ಖರೀದಿಗೆ ದುಡ್ಡು ಬಂದಿಲ್ಲ ಸಾರ್. ಇದು ಹೇಗೂ ರದ್ದು ಪಟ್ಟಿಯಲ್ಲಿತ್ತು. ಹತ್ತು ವರ್ಷದಿಂದ ಒಬ್ಬರೂ ತೆಗೆದುಕೊಂಡಿಲ್ಲ."

"ನಾನು?"

"ನೀವು ಕೇಳಿದ್ದೀರಿ. ತೆಗೆದುಕೊಂಡಿಲ್ಲವಲ್ಲ."

ರಿಜಿಸ್ಟರ್ ಪ್ರಕಾರ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಬೀಗ? ಸಮಾರಂಭದ ಹಿಂದಿನ ದಿನ ಒಡೆದರಂತೆ. ಅನುಮತಿ ಅರ್ಧ ಗಂಟೆಯಲ್ಲಿ ಬಂತಂತೆ.

ಎರಡು ವಾರ ಕಳೆದು ವಿರಾಜಪೇಟೆಯಲ್ಲೊಂದು ಮದುವೆ. ಮಂಟಪದ ಹೊರಗೆ ಅದೇ ಅತಿಥಿಗಳ ಗಾಡಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಶಾಲುಗಳ ರಾಶಿ, ಬಾಡಿದ ಹಾರ, ರಿಬ್ಬನ್ ಕಟ್ಟಿದ್ದು, ಬಿಚ್ಚಿದ್ದು, ಹತ್ತಿಪ್ಪತ್ತು ಪುಸ್ತಕ. ಮುಂದಿನ ಸೀಟಿನಲ್ಲಿ ಡ್ರೈವರ್, ಕಾಲು ಡ್ಯಾಶ್‌ಬೋರ್ಡ್ ಮೇಲೆ, ಕೈಯಲ್ಲಿ ಅರ್ಧಚಂದ್ರ.

ಮಾತಾಡಿಸಿದೆ. ಐದು ವರ್ಷದಿಂದ ಈ ಗಾಡಿ ಓಡಿಸುತ್ತಿದ್ದಾನೆ. ಸಾಹೇಬರು ಒಳಗೆ ಹೋದರೆ ಎರಡು ಗಂಟೆ, ಮೂರು ಗಂಟೆ. "ಶಾಲು ಅಮ್ಮನಿಗೆ, ಹಣ್ಣು ಮಕ್ಕಳಿಗೆ, ಪುಸ್ತಕ ನನಗೆ ಸಾರ್. ಸಾಹೇಬರಿಗೆ ಹೂವಿನ ಅಲರ್ಜಿ, ಹಾರ ಮಾತ್ರ ಯಾರಿಗೂ ಇಲ್ಲ." ಓದಿನ ಲೆಕ್ಕವನ್ನು ಅವನು ಪುಟದಲ್ಲಿ ಇಡುವುದಿಲ್ಲ. ಕಾರಂತರ ಒಂದು ಕಾದಂಬರಿ ಎರಡು ಶಂಕುಸ್ಥಾಪನೆ, ಒಂದು ತಿಥಿ. ಇದು ದಪ್ಪ ಇದೆ, ಒಂದು ಸಾವಿನ ಮನೆ, ನಾಲ್ಕು ಉದ್ಘಾಟನೆ ಆದರೂ ಅರ್ಧ ಉಳಿದಿದೆ.

"ಒಂದೇ ಬೇಜಾರು ಸಾರ್. ಎಲ್ಲರಿಗೂ ಮೊದಲೇ ಏನೋ ಆಗಿಬಿಟ್ಟಿದೆ. ಆ ಆಂಡ್ರೇಗೆ ಏನಾಗಿತ್ತು?"

ಗಾಯ ಆಗಿ ಬಿದ್ದದ್ದು, ಮೇಲೆ ಆಕಾಶ ನೋಡಿದ್ದು, ಬಿಟ್ಟು ಹೋದದ್ದು, ಎಲ್ಲ ಹೇಳಿದೆ. ಅವನು ಕಾಲು ಕೆಳಗಿಳಿಸಿ ಕೇಳಿದ. "ಓ, ಅದಕ್ಕೇ ಅವನು ಮನೆಗೆ..." ಅಂತ ಶುರುಮಾಡಿದ. ನಾನು ಎರಡೂ ಕಿವಿ ಮುಚ್ಚಿಕೊಂಡೆ.

"ನನಗೆ ಕೊಡ್ತೀಯಾ ಅದನ್ನ? ಅರ್ಜಿ ಗಿರ್ಜಿ ಬೇಕಾದರೆ ಕೊಡ್ತೇನೆ."

"ನಿಮ್ಮ ಮೊದಲನೇದು ತಂದುಕೊಡಿ, ಸಾಕು. ಆದರೆ ಇನ್ನೆರಡು ಉದ್ಘಾಟನೆ ತಡೀಬೇಕು."

ಬರುವ ಭಾನುವಾರ ಬಸ್ ತಂಗುದಾಣವೊಂದರ ಉದ್ಘಾಟನೆ ಇದೆ. ಆಹ್ವಾನ ಪತ್ರಿಕೆ ತರಿಸಿ ನೋಡಿದೆ. ಭಾಷಣ ಮಾಡುವವರು ಏಳು ಮಂದಿ.