ಪಾಸ್‌ವರ್ಡ್ ಸರಿ ಇದೆ, ಆದ್ರೂ ಒಳಗೆ ಬಿಡಲ್ಲ

ಪಾಸ್‌ವರ್ಡ್ ತಪ್ಪಾದರೆ ಕಂಪ್ಯೂಟರ್ ಮುಲಾಜಿಲ್ಲದೆ ತಪ್ಪು ಅಂತ ಹೇಳುತ್ತದೆ. ಅದು ಎಷ್ಟೋ ವಾಸಿ. ಸರಿಯಾದ ಪಾಸ್‌ವರ್ಡ್ ಕೊಟ್ಟ ಮೇಲೂ ಪರದೆ ಒಂದು ಗಳಿಗೆ ಕಪ್ಪಾಗಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಅದೇ ಲಾಗಿನ್ ಪರದೆ ಮತ್ತೆ ಬಂದು ನಿಂತರೆ ಯಾರ ಹತ್ತಿರ ಜಗಳ ಆಡೋದು? ಮತ್ತೆ ಟೈಪ್ ಮಾಡಿದರೆ ಮತ್ತೆ ಕಪ್ಪು, ಮತ್ತೆ ಅದೇ ಪರದೆ. ಇದಕ್ಕೆ ಲಾಗಿನ್ ಲೂಪ್ ಅಂತ ಹೆಸರೇ ಇದೆ. ಅಂದ್ರೆ ನನಗಿಂತ ಮೊದಲು ಸಾಕಷ್ಟು ಜನ ಈ ಪ್ರದಕ್ಷಿಣೆ ಹಾಕಿದ್ದಾರೆ.

ಲಿನಕ್ಸ್‌ನಲ್ಲಿ ಕಿಟಕಿ, ಮೆನು ಎಲ್ಲ ತೋರಿಸೋ ಡೆಸ್ಕ್‌ಟಾಪನ್ನು ನಾವೇ ಆರಿಸಿಕೊಳ್ಳಬಹುದು. ನನ್ನದು ಗ್ನೋಮ್, ಚೆನ್ನಾಗೇ ನಡೀತಿತ್ತು. ಆದರೆ ಕೆಡಿಇ ಅನ್ನೋ ಇನ್ನೊಂದು ಡೆಸ್ಕ್‌ಟಾಪಿನಲ್ಲಿ ಪ್ಯಾನೆಲನ್ನು, ಅಂದ್ರೆ ಮೆನು, ಗಡಿಯಾರ ಇರೋ ಪಟ್ಟಿಯನ್ನು, ಪರದೆಯ ಯಾವ ಅಂಚಿಗೆ ಬೇಕಾದರೂ ಕೂರಿಸಬಹುದಂತೆ. ಪ್ಯಾನೆಲ್ ಎಡಕ್ಕೆ ಬಂದುಬಿಟ್ಟರೆ ಬದುಕೇ ಸುಧಾರಿಸುತ್ತೆ ಅಂತ ಕೆಲವು ಸಂಜೆ ಬಲವಾಗಿ ಅನಿಸುತ್ತದೆ. ಕೆಡಿಇ ಶುರುವಾಗಿದ್ದು 1996ರಲ್ಲಿ. ಕಿಟಕಿ, ಬಟನ್ ಬಿಡಿಸೋಕೆ ಅದು ನೆಚ್ಚಿಕೊಂಡಿದ್ದ ಕ್ಯೂಟಿ ಅನ್ನೋ ಸಿದ್ಧ ಕೋಡ್ ಲೈಬ್ರರಿಯ ಲೈಸೆನ್ಸ್ ಒಪ್ಪಿಗೆಯಾಗದವರು 1997ರಲ್ಲಿ ಗ್ನೋಮ್ ಶುರು ಮಾಡಿದರು. ಆ ತಕರಾರು ಎಂದೋ ಮುಗಿದಿದೆ. ಆದರೂ ಇಬ್ಬರನ್ನೂ ಒಂದೇ ಡಿಸ್ಕ್‌ನಲ್ಲಿ ಇಟ್ಟುಕೊಂಡರೆ, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಓರಗಿತ್ತಿಯರ ಹಾಗೆ ಎಲ್ಲವೂ ಎರಡೆರಡು: ಎರಡು ಟರ್ಮಿನಲ್, ಎರಡು ಫೈಲ್ ಮ್ಯಾನೇಜರ್, ಎರಡು ಸೆಟ್ಟಿಂಗ್ಸ್.

ಸರಿ, ಕೆಡಿಇ ಇನ್‌ಸ್ಟಾಲ್ ಮಾಡೋಕೆ ಹೊರಟೆ. ನಡುವೆ ಒಂದು ಪ್ರಶ್ನೆ ಬಂತು. ಡಿಸ್‌ಪ್ಲೇ ಮ್ಯಾನೇಜರ್ ಯಾವುದು, ಗ್ನೋಮ್ ಕಡೆಯ ಜಿಡಿಎಂ-ಓ ಕೆಡಿಇ ಜೊತೆ ಬರೋ ಎಸ್‌ಡಿಡಿಎಂ-ಓ? ಲಾಗಿನ್ ಪರದೆ ತೋರಿಸೋದು, ಪಾಸ್‌ವರ್ಡ್ ಇಸ್ಕೊಳ್ಳೋದು, ಆಮೇಲೆ ಡೆಸ್ಕ್‌ಟಾಪನ್ನು ಎಬ್ಬಿಸೋದು ಇದರ ಕೆಲಸ. ಡೆಸ್ಕ್‌ಟಾಪೇ ಬೇರೆ, ಇದೇ ಬೇರೆ. ಎಬ್ಬಿಸಿದ ಡೆಸ್ಕ್‌ಟಾಪ್ ಏಳುತ್ತಲೇ ಬಿದ್ದುಹೋದರೆ ಇದು ಕಾರಣ ಕೇಳಲ್ಲ, ಲಾಗಿನ್ ಪರದೆ ಮತ್ತೆ ಹಾಕಿ ಸುಮ್ಮನಾಗುತ್ತದೆ.

ಇನ್‌ಸ್ಟಾಲ್ ಮುಗಿದ ಮೇಲೆ ಶುರುವಾಗಿದ್ದೇ ಆ ಪ್ರದಕ್ಷಿಣೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ. ಚಿತ್ರಗಿತ್ರ ಏನೂ ಇಲ್ಲದ ಕರಿ ಪರದೆ, ಅದರಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್. ಮರುಮಾತಿಲ್ಲದೆ ಒಳಗೆ ಬಿಟ್ಟಿತು! ಡಿಸ್ಕ್‌ನಲ್ಲಿ ಎಷ್ಟು ಜಾಗ ಇದೆ ಅಂತ ಹೇಳೋ ಡಿಎಫ್ ಕಮಾಂಡ್ ಕೊಟ್ಟು ನೋಡಿದರೆ ಡಿಸ್ಕ್ 100% ಭರ್ತಿ. ಕೆಡಿಇ ತನ್ನ ಸಂಸಾರ ಸಮೇತ ಬಂದು ಇಳಿದಿತ್ತು. ಡೆಸ್ಕ್‌ಟಾಪ್ ಏಳುವಾಗ ನಮ್ಮ ಹೋಮ್ ಫೋಲ್ಡರ್‌ನಲ್ಲಿ ಒಂದಷ್ಟು ಪುಟಾಣಿ ಫೈಲ್ ಬರೆದುಕೊಳ್ಳಬೇಕು, ಅದಕ್ಕೂ ಜಾಗ ಇರಲಿಲ್ಲ. ತಮಾಷೆ ಅಂದ್ರೆ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡೋ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಮಾಮೂಲಿಯಾಗಿ 5% ಜಾಗವನ್ನು ರೂಟ್‌ಗೆ, ಅಂದ್ರೆ ಕಂಪ್ಯೂಟರಿನ ಯಜಮಾನ ಖಾತೆಗೆ, ಅಂತ ಮೀಸಲಿಡುತ್ತದೆ. ಹಾಗಾಗಿ ಯಜಮಾನರ ಕೆಲಸ ಎಲ್ಲ ಸಲೀಸು. ಬಾಗಿಲಲ್ಲಿ ನಿಲ್ಲೋದು ನಾವು ಮಾತ್ರ.

ಆ ಕರಿ ಪರದೆಯಲ್ಲೇ ಸುಡೊ ಆಪ್ಟ್ ಕ್ಲೀನ್ ಅಂತ ಕಮಾಂಡ್ ಕೊಟ್ಟೆ. ಇಳಿಸಿಕೊಂಡು ಉಳಿದಿದ್ದ ಪ್ಯಾಕೇಜ್ ಫೈಲುಗಳೆಲ್ಲ ಹೋದವು. ಕೆಡಿಇ ಎದ್ದಿತು. ಏಳುತ್ತಲೇ ಪಾಸ್‌ವರ್ಡ್‌ಗಳನ್ನು ಕಾಪಿಡೋ ವಾಲೆಟ್ ಅಂತ ಒಂದು ಕಿಟಕಿ ಮುಂದೆ ಬಂದು ಇನ್ನೊಂದು ಪಾಸ್‌ವರ್ಡ್ ಇಡಿ ಅಂತು. ಸದ್ಯಕ್ಕೆ ಬೇಡಮ್ಮ ಅಂದೆ. ಪ್ಯಾನೆಲ್ ಎಡಕ್ಕೆ ಕೂರಿಸಿದೆ. ಬದುಕು ಅಷ್ಟಕ್ಕಷ್ಟೇ.

ಜಾಗ ಇನ್ನೂ ಇಕ್ಕಟ್ಟು ಅಲ್ವಾ, ಇಬ್ಬರಲ್ಲಿ ಒಬ್ಬರನ್ನು ಕಳಿಸೋಣ ಅಂತ ಗ್ನೋಮ್ ತೆಗೆಯೋಕೆ ಹೇಳಿದೆ. ಜೊತೆಗೆ ಇವೂ ಹೋಗುತ್ತವೆ ಅಂತ ಒಂದು ಪರದೆ ತುಂಬ ಹೆಸರು ಉದುರಿಸಿ, ಹೂಂ ಅಂತೀರಾ ಅಂತ ಕೇಳಿತು. ಎಂಟರ್ ಒತ್ತಿದರೂ ಹೂಂ ಅಂತಲೇ ಲೆಕ್ಕ. ನಿಧಾನಕ್ಕೆ ಓದುತ್ತಾ ಹೋದರೆ ನಡುವೆ ಎಲ್ಲೋ ನೆಟ್‌ವರ್ಕ್ ಮ್ಯಾನೇಜರ್ ಕೂತಿದೆ. ಅದು ಹೋದ ಮೇಲೆ ಪರಿಹಾರ ಹುಡುಕೋಕೆ ಇಂಟರ್ನೆಟ್ಟೂ ಇರಲ್ಲ. ಬೇಡ ಅಂತ ಎನ್ ಒತ್ತಿ, ಹಳೇ ವಿಡಿಯೋಗಳನ್ನು ಅಳಿಸೋಕೆ ಕೂತೆ.