ಸಾಕ್ಷಿ ಹೇಳುವವರೆಲ್ಲ ಕಾರು ಕೊಂಡವರೇ ಏಕೆ?

ಯೂಟ್ಯೂಬ್‌ನಲ್ಲಿ ಬರುವ ಕ್ರೈಸ್ತ ಪ್ರಾರ್ಥನಾ ಕೂಟಗಳ ಸಾಕ್ಷಿಗಳನ್ನು, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು ಜನ ವೇದಿಕೆಯಲ್ಲಿ ಹೇಳಿಕೊಳ್ಳುವ ಮಾತುಗಳನ್ನು, ಒಮ್ಮೆ ಗಮನವಿಟ್ಟು ಕೇಳಿ. ಕೆನಡಾ ವೀಸಾ ಬಂತು, ಸ್ತೋತ್ರ. ಗೃಹಸಾಲ ಮಂಜೂರಾಯಿತು, ಸ್ತೋತ್ರ. ಹಳೆಯ ಆಲ್ಟೊ ಹೋಗಿ ಇನ್ನೋವಾ ಬಂತು, ಹಲ್ಲೆಲೂಯಾ. ದೇವರಿಗೆ ಕೃತಜ್ಞತೆ ಹೇಳುವುದರಲ್ಲಿ ತಪ್ಪೇನಿಲ್ಲ, ಹೇಳಲೇಬೇಕು. ಆದರೆ ವೀಸಾ ಸಿಗದವನು, ಸಾಲ ಹುಟ್ಟದೆ ಅರ್ಧಕ್ಕೆ ನಿಂತ ಮನೆಯಲ್ಲಿ ಸಂಸಾರ ಮಾಡುತ್ತಿರುವವಳು ಅಲ್ಲಿ ಮೈಕ್ ಹಿಡಿದದ್ದನ್ನು ನಾನಂತೂ ನೋಡಿಲ್ಲ. ಅವರ ವಿಶ್ವಾಸ ಸಾಲದಾಯಿತು ಎಂದು ಬೋಧಕರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ವೇದಿಕೆಗೆ ಯಾರನ್ನು ಕರೆದರು ಎಂಬುದರಲ್ಲೇ ಎಲ್ಲ ಬಂತು.

ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಒಬ್ಬ ಯುವಕ ಯೇಸುವಿನ ಹತ್ತಿರ ಬರುತ್ತಾನೆ. ಆಜ್ಞೆಗಳನ್ನೆಲ್ಲ ಪಾಲಿಸಿದವನು, ಆಸ್ತಿವಂತ. ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ನನ್ನನ್ನು ಹಿಂಬಾಲಿಸು ಎಂದಾಗ ದುಃಖದಿಂದ ಹೊರಟುಹೋಗುತ್ತಾನೆ. ಯೇಸು ಅವನನ್ನು ಹಿಂದಕ್ಕೆ ಕರೆಯಲಿಲ್ಲ, ಅರ್ಧ ಮಾರಿದರೂ ಸಾಕು ಎಂದು ಚೌಕಾಸಿಗೂ ಇಳಿಯಲಿಲ್ಲ. ಇಂದಿನ ನಮ್ಮ ಚರ್ಚಿನ ಸಭೆಗಳಿಗೆ ಅಂಥ ಯುವಕ ಬಂದಿದ್ದರೆ ಮುಂದಿನ ಚುನಾವಣೆಯಲ್ಲೇ ಅವನನ್ನು ಖಜಾಂಚಿ ಮಾಡುತ್ತಿದ್ದೆವು.

ಮಂಗಳೂರಿನ ಪ್ರೊಟೆಸ್ಟೆಂಟರಾದ ನಮಗೆ ಈ ಮಾತು ಇನ್ನೂ ಹತ್ತಿರದ್ದು. 1834ರಲ್ಲಿ ಸ್ವಿಟ್ಜರ್ಲೆಂಡಿನ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದ ಮೇಲೆ ಅವರ ಮಾತು ಕೇಳಿ ದೀಕ್ಷಾಸ್ನಾನ ಪಡೆದವರಿಗೆ ಮೊದಲು ಸಿಕ್ಕಿದ್ದು ಆಶೀರ್ವಾದವಲ್ಲ, ನಷ್ಟ. ಜಾತಿ ಬಿಟ್ಟವನಿಗೆ ಕುಟುಂಬದ ಆಸ್ತಿಯಲ್ಲಿ ಪಾಲಿಲ್ಲ ಎಂಬುದೇ ಆಗಿನ ಕಾನೂನು. ಅದನ್ನು ತೆಗೆದುಹಾಕಲು 1850ರ 21ನೇ ಕಾಯಿದೆ ಬರಬೇಕಾಯಿತು. ಗೇಣಿಗೆ ಉಳುತ್ತಿದ್ದವರ ಗದ್ದೆ ಕೈತಪ್ಪಿತು. ಬಿಲ್ಲವರ ಪಾಲಿಗಂತೂ ಎರಡು ಕಡೆಯಿಂದಲೂ ಪೆಟ್ಟು: ಊರಿನವರು ದೂರವಿಟ್ಟರು, ಶೇಂದಿ ಇಳಿಸುವ ಕಸುಬು ಕ್ರೈಸ್ತನಿಗೆ ಸಲ್ಲದು ಎಂದು ಪಾದ್ರಿಗಳು ಅದನ್ನೂ ಬಿಡಿಸಿದರು. ನೇಯ್ಗೆಯ ಕಾರ್ಖಾನೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆ ಹುಟ್ಟಿದ್ದು ಹೀಗೆ ಬರಿಗೈಯಾದವರಿಗೆ ಗಂಜಿಯ ದಾರಿ ಮಾಡಲು. ಅಕ್ಕಿಗಾಗಿ ಮತ ಬಿಟ್ಟವರು ಎಂದು ನಮ್ಮನ್ನು ಹಂಗಿಸುವವರು ಇವತ್ತಿಗೂ ಇದ್ದಾರೆ. ಕೆಲಸ ಸಿಗುತ್ತದೆಂದು ಬಂದವರೂ ಇದ್ದಿರಬಹುದು, ಇಲ್ಲವೆನ್ನಲಾರೆ. ಆದರೆ ಇದ್ದ ಅಕ್ಕಿಯನ್ನೇ ಕಳೆದುಕೊಂಡು ಬಂದವರ ಲೆಕ್ಕವನ್ನೂ ಅವರು ಇಡಬೇಕು.

ಆ ಕಾಲದವರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕೆರಳಿತು. ಗುರುವಾದ ಮಿಷನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ ಹರ್ಮನ್ ಎಂಬ ಹೆಸರನ್ನು ತನ್ನ ಹೆಸರಿನ ಮುಂದೆ ಸೇರಿಸಿಕೊಂಡು, ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ನಮ್ಮ ಬೋಧನೆಗಳಲ್ಲಿ ಸಾಮಾನ್ಯವಾಗಿ ಕತೆ ಇಲ್ಲಿಗೇ ಮುಗಿಯುತ್ತದೆ, ಎಲ್ಲವನ್ನೂ ಬಿಟ್ಟುಬಂದ ಬ್ರಾಹ್ಮಣ ಎಂಬ ಪ್ರಶಂಸೆಯೊಂದಿಗೆ. ನನಗೆ ಮುಖ್ಯವೆನಿಸುವುದು ಆಮೇಲಿನದು. ಕೊಡಗಿನಲ್ಲಿ ಭೂಮಾಲೀಕರ ಜಮೀನಿಗೆ ಜೀತದಂತೆ ಕಟ್ಟುಬಿದ್ದಿದ್ದ ದಲಿತ ಕುಟುಂಬಗಳು ಕ್ರೈಸ್ತರಾಗತೊಡಗಿದಾಗ ಅವರಿಗೆ ನಿಲ್ಲಲು ನೆಲೆ ಬೇಕಿತ್ತು. ಮೋಗ್ಲಿಂಗ್ ಅಲ್ಲಿ ಕಟ್ಟಿದ ಹಳ್ಳಿಗೆ ಆನಂದಪುರ ಎಂದು ಶಿಷ್ಯನ ಹೆಸರೇ ಬಂತು. ಕೌಂಡಿನ್ಯರು ತಮ್ಮ ಸ್ವಂತ ಹಣ ಹಾಕಿ ಅಲ್ಲಿ ಕಾಫಿ ತೋಟ ಮಾಡಿದರು. ಆ ಕುಟುಂಬಗಳಿಗೆ ದುಡಿಮೆಯೂ ಸೂರೂ ಸಿಗಲಿ ಎಂದು.

ಗಮನಿಸಿ, ಅವರು ಹಣವನ್ನು ಹೊಳೆಗೆ ಎಸೆಯಲಿಲ್ಲ, ಬೂದಿ ಬಳಿದುಕೊಂಡು ಕೂರಲೂ ಇಲ್ಲ. ಕಾಫಿ ಗಿಡ ನೆಟ್ಟರು. ನೆರಳಿನ ಮರ, ಕಸಿ, ಕೂಲಿ, ಬೆಲೆ ಎಂದು ತಲೆಕೆಡಿಸಿಕೊಳ್ಳಬೇಕಾದ ಶುದ್ಧ ಲೌಕಿಕ ವ್ಯವಹಾರ ಅದು. ಒಂದು ಕಾಲದಲ್ಲಿ ಯಾರ ನೆರಳು ಬಿದ್ದರೆ ಮೈಲಿಗೆ ಎನ್ನಲಾಗುತ್ತಿತ್ತೋ ಅವರ ಹೊಟ್ಟೆಪಾಡಿಗೆ ತನ್ನ ಆಸ್ತಿಯನ್ನು ತೊಡಗಿಸುವುದು, ಆಸ್ತಿಯನ್ನು ಸುಮ್ಮನೆ ತೊರೆಯುವುದಕ್ಕಿಂತ ಕಷ್ಟ. ತೊರೆದವನಿಗೆ ಹೆಸರಾದರೂ ಬರುತ್ತದೆ. ತೋಟದ ಲೆಕ್ಕ ಬರೆಯುವವನನ್ನು ಯಾರು ಸಂತನೆನ್ನುತ್ತಾರೆ?

ಕೊನೆಗೆ ಮಿಷನ್ನೂ ತನ್ನ ಆಸ್ತಿ ಕಳೆದುಕೊಂಡಿತು. ಒಂದನೇ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಬಂಧಿಸಿ ಹೊರಗೆ ಕಳುಹಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ನೇಯ್ಗೆ, ಹೆಂಚು, ವ್ಯಾಪಾರ ಎಲ್ಲ ಕೈಬಿಟ್ಟವು. ಸಭೆಗಳು ಮಾತ್ರ ಉಳಿದವು, ಭಾನುವಾರದ ಗಂಟೆ ನಿಲ್ಲಲಿಲ್ಲ. ಸಂಸ್ಥೆಯ ಆಸ್ತಿ ಇದ್ದರೆ ಮಾತ್ರ ಸಭೆ ಎಂದು ನಂಬಿದ ನಮ್ಮ ಇಂದಿನ ಡಯಾಸಿಸ್ (ಧರ್ಮಪ್ರಾಂತ್ಯ) ರಾಜಕಾರಣಿಗಳು, ನಿವೇಶನಕ್ಕಾಗಿ ಕೋರ್ಟಿಗೆ ಅಲೆಯುವ ಮುನ್ನ, ಈ ಪುಟವನ್ನೊಮ್ಮೆ ತಿರುವಿಹಾಕಬೇಕು.

ಇಷ್ಟೆಲ್ಲ ಹೇಳಿದೆನೆಂದು ನಮ್ಮ ಸಭೆಗಳಲ್ಲಿ ಎಲ್ಲವೂ ಕೆಟ್ಟಿದೆ ಎಂದಲ್ಲ. ಬೆಳೆಹಬ್ಬದ ಏಲಂ ನೋಡಿ. ತೊಂಡೆಕಾಯಿ, ಬಸಳೆಯ ಕಟ್ಟು, ಹಲಸು, ಕಾಲು ಕಟ್ಟಿದ ಊರಿನ ಕೋಳಿ, ಯಾರೋ ಮಾಡಿ ತಂದ ಕೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಬಾಳೆಗೊನೆ ಇಲ್ಲಿ ಎರಡು ಸಾವಿರಕ್ಕೆ ಹೋಗುತ್ತದೆ, ಕೊಂಡವರು ಅದನ್ನು ಮತ್ತೆ ಮೇಜಿನ ಮೇಲೆ ಇಡುತ್ತಾರೆ, ಮತ್ತೊಮ್ಮೆ ಏಲಂ. ಬೀಡಿ ಕಟ್ಟಿ ಬದುಕುವ ಹೆಂಗಸು ಒಂದು ಪಡವಲಕಾಯಿಗೆ ಕೂಗಿ, ಗೆದ್ದು, ನಕ್ಕು, ಅದನ್ನು ಪಕ್ಕದವರ ಮಗುವಿನ ಕೈಗಿಟ್ಟದ್ದನ್ನು ನೋಡಿದ್ದೇನೆ. ಆ ಒಂದು ಮಧ್ಯಾಹ್ನ ವಸ್ತುಗಳಿಗೆ ಬೆಲೆಯೇ ಬೇರೆ. ಅದೇ ಅಂಗಳದಲ್ಲಿ ದೊಡ್ಡ ಮೊತ್ತ ಕೂಗಿದವರ ಹೆಸರನ್ನು ಮೈಕಿನಲ್ಲಿ ಮೂರು ಸಲ ಹೇಳುತ್ತಾರೆ ಎಂಬುದೂ ನಿಜ. ಅದು ನನಗೆ ಹಿಡಿಸುವುದಿಲ್ಲ.

ನೀನು ನಿನ್ನ ಕಾರು ಮಾರಿದೆಯಾ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಮಾರಿಲ್ಲ, ಮಾರುವುದೂ ಇಲ್ಲ. ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಕಾರು ಇರುವುದು ನನ್ನ ತಕರಾರಲ್ಲ. ದೇವರು ನನ್ನ ಪರವಾಗಿದ್ದಾನೆ ಎಂಬುದಕ್ಕೆ ಅದನ್ನೇ ಪುರಾವೆಯಾಗಿ ನಿಲ್ಲಿಸುವುದು ತಕರಾರು. ನಾಳೆ ಕಾರು ಹೋದರೆ ದೇವರೂ ಹೋದನೇ?

ಮುಂದಿನ ತಿಂಗಳು ನಮ್ಮ ಸಭೆಯ ಸಮಿತಿಯಲ್ಲಿ ಗ್ರಾನೈಟ್ ಸ್ವಾಗತ ಕಮಾನಿನ ಪ್ರಸ್ತಾಪ ಬರಲಿದೆ. ದಾನಿಗಳ ಹೆಸರು ಕೆತ್ತುವ ಫಲಕವೂ ನಕ್ಷೆಯಲ್ಲಿದೆ. ನಾನು ವಿರೋಧಿಸುತ್ತೇನೆ, ಈಗಲೇ ಹೇಳಿದ್ದೇನೆ. ನಮ್ಮಲ್ಲೇ ನರ್ಸಿಂಗ್ ಸೀಟು ಸಿಕ್ಕಿಯೂ ಶುಲ್ಕ ಕಟ್ಟಲಾಗದ ಹುಡುಗಿಯರಿದ್ದಾರೆ, ಹಣ ಅಲ್ಲಿಗೆ ಹೋಗಲಿ. ಕಮಾನು ಬೇಕೇ ಬೇಕು ಎನ್ನುವವರೂ ಬರಲಿ, ವಾದ ಮಾಡೋಣ. ಆದರೆ ಹೆಸರು ಕೆತ್ತದ ಕಮಾನಿಗೆ ತಲಾ ಎಷ್ಟು ಕೊಡುತ್ತೀರಿ ಎಂದು ಮೊದಲು ಕೇಳುತ್ತೇನೆ, ಮೊತ್ತ ಬರೆದುಕೊಂಡೇ ಬನ್ನಿ.